ಕಂದಾಯ ನಮ್ಮದು, ಓಟು ಅವರದೇ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದು ಮೂರು ಮನೆಗಳಿರುವ ಕಟ್ಟಡ. ಕೆಳಗೆ ನಾವಿದ್ದೇವೆ, ಮೇಲಿನ ಎರಡು ಮನೆ ಬಾಡಿಗೆಗೆ ಹೋಗಿವೆ. ಕಂದಾಯ ಕಟ್ಟುವವರು ನಾವು. ಆದರೆ ಪಾಲಿಕೆ ಚುನಾವಣೆ ಬಂದರೆ ನಮ್ಮ ಮನೆಯಿಂದ ಎರಡು ಓಟು, ಬಾಡಿಗೆಯವರಿಂದ ಐದು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಇದೇ ಬಡಾವಣೆಯ ತನ್ನ ಮನೆಗೆ ತಪ್ಪದೆ ತೆರಿಗೆ ಕಟ್ಟುತ್ತಾನೆ, ಅವನಿಗೆ ಇಲ್ಲಿ ಓಟೇ ಇಲ್ಲ. ಈಗ ನಮ್ಮ ರಸ್ತೆಯನ್ನು ವಸತಿ ವಲಯದಿಂದ ವಾಣಿಜ್ಯ ವಲಯಕ್ಕೆ ಬದಲಿಸುತ್ತಾರೆ ಎಂಬ ಮಾತು ಕೇಳಿಬರುತ್ತಿದೆ. ಸ್ವಂತ ಮನೆ ಇಲ್ಲದವರು ವಲಯ ನಿಯಮ, ಆಸ್ತಿ ತೆರಿಗೆಯಂಥ ವಿಷಯಗಳಲ್ಲಿ ಮತ ಹಾಕಬೇಕೇ ಎಂಬ ಚರ್ಚೆ ಅಮೆರಿಕದಲ್ಲಿ ನಡೆಯುತ್ತದಂತೆ. ನಮ್ಮಲ್ಲಿ ಏಕೆ ಆ ಮಾತೇ ಇಲ್ಲ? ಇನ್ನೊಂದು: ಮೇಲಿನ ಮನೆಯವರು ನಮ್ಮ ವಿಳಾಸಕ್ಕೆ ಮತದಾರರ ಗುರುತಿನ ಚೀಟಿ ಮಾಡಿಸಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿದರೆ ಮುಂದೆ ತೊಂದರೆಯಾಗುತ್ತದೆಯೇ?

ಉತ್ತರ: ನಗರಸಭೆ, ಪಾಲಿಕೆಗಳ ಕಂದಾಯ ವಿಭಾಗದಲ್ಲೇ ನೌಕರಿ ಮುಗಿಸಿದವನು ನಾನು. ನಿಮ್ಮ ಮೊದಲ ಸಾಲನ್ನು ಕೌಂಟರಿನ ಆಚೆ ನಿಂತವರ ಬಾಯಲ್ಲಿ ಕೇಳಿ ಕೇಳಿ ಕಿವಿ ಪಳಗಿದೆ. ‘ದುಡ್ಡು ನಮ್ಮದು, ದರ್ಬಾರು ಬೇರೆಯವರದು’ ಎಂಬ ಸಿಟ್ಟು ಸುಳ್ಳು ಸಿಟ್ಟಲ್ಲ. ಆದರೆ ನೀವು ಅದನ್ನು ಬಾಡಿಗೆಯವರ ಮೇಲೆ ತಿರುಗಿಸಿದ್ದೀರಿ. ಅವರು ಅದಕ್ಕೆ ತಕ್ಕವರಲ್ಲ ಎಂಬುದು ನನ್ನ ಅಭಿಪ್ರಾಯ.

ತಮ್ಮನ ವಿಷಯ ಮೊದಲು ನೋಡೋಣ. ಪಾಲಿಕೆಗೆಂದು ಬೇರೆ ಮತದಾರರನ್ನು ಗುರುತಿಸುವ ಪದ್ಧತಿ ನಮ್ಮಲ್ಲಿಲ್ಲ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡುವಾರು ವಿಂಗಡಿಸಿ ಪಾಲಿಕೆ ಚುನಾವಣೆಗೆ ಬಳಸುತ್ತಾರೆ. ಆ ಪಟ್ಟಿಗೆ ಆಧಾರ 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆ. ಅದರ 19ನೇ ಕಲಂ ಕೇಳುವುದು ಎರಡೇ: ವಯಸ್ಸು 18 ತುಂಬಿದೆಯೇ, ಆ ಕ್ಷೇತ್ರದ ಸಾಮಾನ್ಯ ನಿವಾಸಿಯೇ. 20ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಒಂದು ಕ್ಷೇತ್ರದಲ್ಲಿ ಮನೆಯ ಒಡೆತನ ಅಥವಾ ಸ್ವಾಧೀನ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿನ ನಿವಾಸಿ ಎಂದು ಎಣಿಸಬಾರದು ಎಂದು ಅದು ಬಿಡಿಸಿ ಹೇಳುತ್ತದೆ. ಅಂದರೆ ಮನೆ ಇಲ್ಲದವನಿಗೂ ಓಟು ಕೊಟ್ಟು ಕಾನೂನು ಸುಮ್ಮನಾಗಿಲ್ಲ, ಮನೆಯೊಂದೇ ಇದ್ದರೆ ಓಟು ಇಲ್ಲ ಎಂದೂ ಹೇಳಿದೆ. ಸಂವಿಧಾನದ 326ನೇ ವಿಧಿಯೂ ಇದೇ ಜಾಡಿನಲ್ಲಿದೆ. ಮತದಾನದ ಹಕ್ಕು ತಪ್ಪಿಸಬಹುದಾದ ಕಾರಣಗಳಲ್ಲಿ ಅನಿವಾಸವನ್ನು ಅದು ಹೆಸರಿಸುತ್ತದೆ. ಆಸ್ತಿ ಇಲ್ಲದಿರುವುದು ಆ ಸಾಲಿನಲ್ಲಿ ಎಲ್ಲಿಯೂ ಇಲ್ಲ.

ಸಂವಿಧಾನ ಬರೆದವರಿಗೆ ಬೇರೆ ದಾರಿ ಗೊತ್ತಿರಲಿಲ್ಲ ಎಂದಲ್ಲ. ಆಸ್ತಿಯವರಿಗೇ ಓಟು ಎಂಬ ಕಾಲವನ್ನು ಅವರು ಕಂಡು ಉಂಡಿದ್ದರು. 1881ರಲ್ಲಿ ಮೈಸೂರು ಸಂಸ್ಥಾನದಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ಅಲ್ಲಿ ಕುಳಿತವರು ಜಮೀನುದಾರರು ಮತ್ತು ವರ್ತಕರು. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಒಂದು ಪೇಟೆ. ಬ್ರಿಟಿಷ್ ಪ್ರಾಂತ್ಯಗಳಲ್ಲಿ 1935ರ ಕಾಯ್ದೆಯ ನಂತರವೂ ಆಸ್ತಿ, ತೆರಿಗೆ, ವಿದ್ಯೆ ನೋಡಿಯೇ ಓಟು ಕೊಡುತ್ತಿದ್ದರು. ಆ ಲೆಕ್ಕಕ್ಕೆ ಸಿಕ್ಕವರು ಕೆಲವರೇ. ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕ ಮತದಾನಕ್ಕಾಗಿ ವಾದಿಸಿದ್ದು ಈ ವ್ಯವಸ್ಥೆಯ ವಿರುದ್ಧ. ಹಾಗಾಗಿ ‘ನಮ್ಮಲ್ಲಿ ಏಕೆ ಆ ಮಾತೇ ಇಲ್ಲ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ಆ ಮಾತು ಆಡಿ ಮುಗಿದಿದೆ ಎಂಬುದೇ.

ಆಡಿ ಮುಗಿದಿದೆ ಎಂದ ಮಾತ್ರಕ್ಕೆ ಅದೇ ಸರಿ ಎಂದೇನೂ ಆಗುವುದಿಲ್ಲ. ಮತ್ತೆ ಆಡೋಣ. ನಾಳೆಯಿಂದ ಮಾಲೀಕರಿಗೆ ಮಾತ್ರ ಓಟು ಎಂದಿಟ್ಟುಕೊಳ್ಳಿ. ಪಟ್ಟಿ ಬರೆಯಲು ಕುಳಿತ ಗುಮಾಸ್ತ ಮೊದಲು ಕೇಳುವುದು ಯಾರು ಮಾಲೀಕ ಎಂದು.

ಏಪ್ರಿಲ್ ತಿಂಗಳಲ್ಲಿ ಕಂದಾಯ ಕಟ್ಟಿದರೆ ಶೇ 5 ರಿಯಾಯಿತಿ ಇರುವುದರಿಂದ ಆ ತಿಂಗಳ ಕೊನೆಯ ವಾರ ಕೌಂಟರಿನ ಮುಂದೆ ಸಾಲು ಹೊರಗಿನ ಮೆಟ್ಟಿಲಿಗೆ ಮುಟ್ಟುತ್ತಿತ್ತು. ಹಳೇ ದಾವಣಗೆರೆಯ ಮನೆಗಳ ರಸೀದಿ ಬರೆಯುವಾಗ ಖಾತೆದಾರರ ಹೆಸರು ಒಂದು, ಮುಂದೆ ನಿಂತವರ ಹೆಸರು ಇನ್ನೊಂದು. ‘ಇವರು ನಿಮಗೇನಾಗಬೇಕು?’ ‘ನಮ್ಮ ಅಜ್ಜ.’ ‘ಇದ್ದಾರೆಯೇ?’ ‘ಇಲ್ಲ ಸರ್, ನಾನು ಹುಟ್ಟುವ ಮೊದಲೇ ಹೋದರು.’ ಅಜ್ಜನ ಹೆಸರಿನಲ್ಲಿ ಖಾತೆ, ನಾಲ್ಕು ಜನ ಗಂಡುಮಕ್ಕಳಲ್ಲಿ ಬಾಯಿಮಾತಿನ ಪಾಲು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬಾಕಿ, ಒಂದು ಗೋಡೆಯ ಬಗ್ಗೆ ಕೋರ್ಟಿನಲ್ಲಿ ದಾವೆ. ಇಂಥ ಮನೆಯಲ್ಲಿ ಓಟು ಯಾರಿಗೆ ಕೊಡುವುದು? ಖಾತೆ ಇದ್ದವರಿಗೆ ಎಂದರೆ ಅದೂ ನಿಲ್ಲುವುದಿಲ್ಲ. ಖಾತೆ ಎನ್ನುವುದು ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂದು ಪಾಲಿಕೆ ಇಟ್ಟುಕೊಂಡ ದಾಖಲೆ. ಒಡೆತನ ಸಾಬೀತಾಗಲು ಕ್ರಯಪತ್ರ, ವಿಭಾಗಪತ್ರ ಬೇಕು.

ಖಾತೆಯೂ ಸರಿ, ಪತ್ರವೂ ಸರಿ ಎಂದುಕೊಳ್ಳೋಣ. ನಿಮ್ಮ ಮನೆಯ ಎರಡು ಓಟಿನಲ್ಲಿ ಒಂದು ಮನೆಯವರದಿರಬೇಕು. ಕಟ್ಟಡ ನಿಮ್ಮಿಬ್ಬರ ಹೆಸರಿನಲ್ಲಿದೆಯೇ? ನಿಮ್ಮೊಬ್ಬರ ಹೆಸರಿನಲ್ಲಿದ್ದರೆ ನಿಮ್ಮ ಶ್ರೀಮತಿಯವರು ಮಾಲೀಕರಲ್ಲದವರ ಪಟ್ಟಿಗೆ ಸೇರುತ್ತಾರೆ. ನಾಳೆ ಮಗನಿಗೆ ಹದಿನೆಂಟು ತುಂಬಿದರೆ ಅವನೂ ಅಲ್ಲಿಗೇ. ಸ್ವಂತ ಮನೆಯಲ್ಲಿ ವಾಸಿಸುವವರಲ್ಲಿಯೂ ಹೆಚ್ಚಿನವರು ಮಾಲೀಕರಲ್ಲ, ಮಾಲೀಕರ ಮನೆಯವರು ಅಷ್ಟೇ. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಶೇ 69ರಷ್ಟು ಕುಟುಂಬಗಳು ಸ್ವಂತ ಮನೆಯಲ್ಲಿ, ಶೇ 27ರಷ್ಟು ಬಾಡಿಗೆ ಮನೆಯಲ್ಲಿವೆ. ಕುಟುಂಬದ ಲೆಕ್ಕ ಬಿಟ್ಟು ತಲೆಯ ಲೆಕ್ಕ ಹಾಕಿದರೆ, ಹಕ್ಕುಪತ್ರದಲ್ಲಿ ಹೆಸರಿರುವವರು ಹೆಚ್ಚಿನ ಊರುಗಳಲ್ಲಿ ಅಲ್ಪಸಂಖ್ಯಾತರಾಗಬಹುದು, ಅವರಲ್ಲಿಯೂ ಗಂಡಸರೇ ಹೆಚ್ಚು. ಐದು ಮನೆ ಇದ್ದವರಿಗೆ ಐದು ಓಟೇ ಎಂಬ ಪ್ರಶ್ನೆ ಇನ್ನೂ ಬಾಕಿ ಇದೆ. ತಮಾಷೆಗೆ ಹೇಳುತ್ತಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ವ್ಯಾಪಾರದ ಜಾಗ ಇದ್ದವರಿಗೆ ಹೆಚ್ಚುವರಿ ಓಟು ಇತ್ತು, ಅದನ್ನು ತೆಗೆದದ್ದು 1948ರಲ್ಲಿ. ಲೀಸಿಗೆ, ಅಂದರೆ ಭೋಗ್ಯಕ್ಕೆ, ಹಾಕಿಕೊಂಡವರದೂ ಒಂದು ಗೊಂದಲ. ಹಲವು ಲಕ್ಷ ಒಟ್ಟಿಗೆ ಕೊಟ್ಟು, ಬಡ್ಡಿಯನ್ನೇ ಬಾಡಿಗೆಯಾಗಿ ಬಿಟ್ಟು ಕುಳಿತವರ ಹಣ ಆ ಮನೆಯಲ್ಲಿ ಹೂತಿಲ್ಲವೇ?

ಇನ್ನು ತೆರಿಗೆ. ಕಟ್ಟುವವರು ನೀವು ಎಂಬುದು ನಿಜ, ಹೊರುವವರು ಯಾರು ಎಂಬುದು ಬೇರೆ ಮಾತು. ಉದಾಹರಣೆಗೆ ನಿಮ್ಮ ಕಟ್ಟಡಕ್ಕೆ ವರ್ಷಕ್ಕೆ 6,000 ರೂಪಾಯಿ ಆಸ್ತಿ ತೆರಿಗೆ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3 ಸೇರಿಸಿ. ಶೇ 24ಕ್ಕೆ 1,440 ರೂಪಾಯಿ ಆಯಿತು, ಒಟ್ಟು 7,440. ಕಸ ವಿಲೇವಾರಿಯ ಶುಲ್ಕದಂಥ ಬಾಬತ್ತುಗಳನ್ನು ಬಿಟ್ಟು ಹೇಳುತ್ತಿದ್ದೇನೆ. ಮೇಲಿನ ಒಂದೊಂದು ಮನೆಯ ಬಾಡಿಗೆ ತಿಂಗಳಿಗೆ 8,000 ಎಂದರೆ ಎರಡು ಮನೆಯಿಂದ ವರ್ಷಕ್ಕೆ 1,92,000 ಬರುತ್ತದೆ. ಇಡೀ ಕಟ್ಟಡದ ಕಂದಾಯ, ನೀವು ವಾಸವಿರುವ ಕೆಳಗಿನ ಮನೆಯದೂ ಸೇರಿ, ಆ ಎರಡು ಮನೆಯವರ ಒಂದು ತಿಂಗಳ ಬಾಡಿಗೆಯ ಅರ್ಧಕ್ಕಿಂತ ಕಡಿಮೆ. ಬಾಡಿಗೆ ನಿಗದಿ ಮಾಡುವಾಗ ‘ಕಂದಾಯ, ನೀರಿನ ಕರ, ಸುಣ್ಣ-ಬಣ್ಣ ಎಲ್ಲ ನೋಡಿಕೊಳ್ಳಬೇಕಲ್ಲ’ ಎಂದು ಹೇಳದ ಮಾಲೀಕರನ್ನು ನಾನು ಕಂಡಿಲ್ಲ. ರಸೀದಿಯಲ್ಲಿ ಹೆಸರು ನಿಮ್ಮದು, ಹಣದಲ್ಲಿ ಅವರ ಪಾಲೂ ಇದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ನಿಮ್ಮ ರಸ್ತೆಗೆ ಒಳಚರಂಡಿ ಬಂತು, ಡಾಂಬರು ಹೋಗಿ ಕಾಂಕ್ರೀಟ್ ಬಂತು, ದೀಪ ಬಂತು ಎನ್ನಿ. ಮರುವರ್ಷ ನಿಮ್ಮ ಸೈಟಿನ ಬೆಲೆ ಏರುತ್ತದೆ, ಬಾಡಿಗೆಯೂ ಏರುತ್ತದೆ. ಕೆಲಸಕ್ಕೆ ಬಾಡಿಗೆಯವರು ಒಮ್ಮೆ ಕಂದಾಯದ ರೂಪದಲ್ಲಿ ಕೊಟ್ಟರು, ಕೆಲಸ ಚೆನ್ನಾಗಿ ಆದದ್ದಕ್ಕೆ ಇನ್ನೊಮ್ಮೆ ಬಾಡಿಗೆಯ ರೂಪದಲ್ಲಿ ಕೊಡುತ್ತಾರೆ. ಏರಿದ ಬೆಲೆ ಉಳಿಯುವುದು ನಿಮ್ಮ ಮನೆಯಲ್ಲಿ. ನೀವು ಉಳಿಸಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಊರಿನ ಖರ್ಚೆಲ್ಲ ನಿಮ್ಮ ತಲೆಯ ಮೇಲಿದೆ, ಬಾಡಿಗೆಯವರು ಪುಕ್ಕಟೆ ಕುಳಿತಿದ್ದಾರೆ ಎಂಬ ಮಾತು ಮಾತ್ರ ಲೆಕ್ಕದ ಪುಸ್ತಕದಲ್ಲಿ ಕೂಡುವುದಿಲ್ಲ.

ನಿಮ್ಮ ಪಕ್ಷದ ಬಲವಾದ ವಾದವನ್ನು ನಾನೇ ಹೇಳುತ್ತೇನೆ, ನೀವು ಅದನ್ನು ಬರೆದಿಲ್ಲ. ಬಾಡಿಗೆಯವರ ಕಣ್ಣಿಗೆ ಕಂದಾಯದ ಚಲನ್ ಬೀಳುವುದಿಲ್ಲ. ಕಾಣದ ತೆರಿಗೆಯನ್ನು ಹೆಚ್ಚಿಸು ಎನ್ನಲು ಯಾರಿಗೂ ಕಷ್ಟವಾಗದು. ಬಾಡಿಗೆದಾರರು ಹೆಚ್ಚಿರುವ ಊರುಗಳಲ್ಲಿ ಸ್ಥಳೀಯ ಖರ್ಚು ಹೆಚ್ಚಿರುತ್ತದೆಯೇ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞರು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. ಜೊತೆಗೆ, ಇಂದು ಇದ್ದು ನಾಳೆ ಊರು ಬಿಡುವವರು ಊರಿನ ಹೆಸರಿನ ಇಪ್ಪತ್ತು ವರ್ಷದ ಸಾಲಕ್ಕೆ ಕೈ ಎತ್ತಿ ಹೋದರೆ ತೀರಿಸುವವರು ಯಾರು? ಇದು ತಳ್ಳಿಹಾಕುವಂಥ ವಾದವಲ್ಲ.

ಆದರೆ ದಾವಣಗೆರೆಗೆ ಅದನ್ನು ತಂದಾಗ ಗಾಳಿ ಹೋಗಿಬಿಡುತ್ತದೆ. ಇಲ್ಲಿ ತೆರಿಗೆಯ ದರಕ್ಕೆ ನೀವಾಗಲಿ ಬಾಡಿಗೆಯವರಾಗಲಿ ನೇರವಾಗಿ ಓಟು ಹಾಕುವುದೇ ಇಲ್ಲ. ಆಸ್ತಿಯ ಮೌಲ್ಯ ನೋಂದಣಿ ಇಲಾಖೆಯ ಮಾರ್ಗಸೂಚಿ ದರದಿಂದ ಬರುತ್ತದೆ. ದರದ ಮೇಲ್ಮಿತಿ, ಕೆಳಮಿತಿಯನ್ನು ರಾಜ್ಯದ ಕಾಯ್ದೆ ಹೇಳುತ್ತದೆ. ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಸಬೇಕೆಂಬುದೂ ಅಲ್ಲಿಂದಲೇ ಬಂದದ್ದು. ಕನಿಷ್ಠ ದರ ಪ್ರಕಟಿಸಿ, ವಸೂಲಿ ಹೆಚ್ಚಿಸಿದರೆ ಮಾತ್ರ ನಗರಗಳಿಗೆ ಅನುದಾನ ಎಂದು ದೆಹಲಿಯ 15ನೇ ಹಣಕಾಸು ಆಯೋಗ ಷರತ್ತು ಹಾಕಿತು. ಇಷ್ಟೆಲ್ಲ ಗೆರೆಗಳ ನಡುವೆ ಪಾಲಿಕೆಯ ಸಭೆಗೆ ಉಳಿಯುವ ಜಾಗ ಅಂಗೈ ಅಗಲ. ಪಿ.ಜಿ.ಯಲ್ಲಿರುವ ಎಂಜಿನಿಯರಿಂಗ್ ಹುಡುಗರು ನಿಮ್ಮ ಕಂದಾಯ ಏರಿಸಿಬಿಡುತ್ತಾರೆ ಎಂದು ಹೆದರುವುದೂ ಬೇಡ. ಅವರಲ್ಲಿ ಬಹುತೇಕರ ಓಟು ಇರುವುದು ಹಗರಿಬೊಮ್ಮನಹಳ್ಳಿಯಲ್ಲೋ ಹಿರಿಯೂರಿನಲ್ಲೋ ಅಪ್ಪ-ಅಮ್ಮನ ವಿಳಾಸದಲ್ಲಿ. ಇಲ್ಲಿ ಹೆಸರು ಸೇರಿಸುವ ಬಾಡಿಗೆಯವರು ಇಲ್ಲೇ ಬದುಕು ಕಟ್ಟಿಕೊಂಡವರು. ಮಿಲ್ಲುಗಳ ಕಾಲದಿಂದಲೂ ಈ ಊರನ್ನು ನಡೆಸಿದವರಲ್ಲಿ ಬಾಡಿಗೆ ವಠಾರದವರ ಪಾಲು ದೊಡ್ಡದು.

ಅಮೆರಿಕದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಇಲ್ಲಿಗೆ ಹಾಗೇ ಹೊತ್ತು ತರಲಾಗದು. ಅಲ್ಲಿ ಎಷ್ಟೋ ಊರುಗಳಲ್ಲಿ ಬಾಂಡು, ಅಂದರೆ ಊರಿನ ಹೆಸರಿನಲ್ಲಿ ಸಾಲ, ಎತ್ತಬೇಕೇ, ವಲಯ ನಿಯಮ ಬದಲಿಸಬೇಕೇ ಎಂಬ ಪ್ರಶ್ನೆಯನ್ನೇ ಮತಪತ್ರದ ಮೇಲೆ ಅಚ್ಚು ಹಾಕುತ್ತಾರೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ 1ಕ್ಕೆ ಕಟ್ಟಿಹಾಕಿದ್ದು ಹಾಗೆ ಮತ ಹಾಕಿಯೇ. ಮಾಲೀಕರಿಗೆ ಮಾತ್ರ ಓಟು ಎಂಬ ನಿಯಮಗಳೂ ಅಲ್ಲಿ ಕೆಲವು ಕಡೆ ಇದ್ದವು, ಅವು ಸುಪ್ರೀಂ ಕೋರ್ಟಿಗೆ ಹೋದವು. ನ್ಯೂಯಾರ್ಕ್ ರಾಜ್ಯದ ಕೆಲವು ಶಾಲಾ ಜಿಲ್ಲೆಗಳಲ್ಲಿ ಆಸ್ತಿ ಇದ್ದವರು, ಗೇಣಿಗೆ ಹಿಡಿದವರು, ಶಾಲೆಗೆ ಹೋಗುವ ಮಕ್ಕಳಿದ್ದವರು ಮಾತ್ರ ಮತ ಹಾಕಬೇಕೆಂಬ ನಿಯಮವಿತ್ತು. ತಂದೆ-ತಾಯಿಯ ಮನೆಯಲ್ಲಿದ್ದ 31 ವರ್ಷದ ಅವಿವಾಹಿತರೊಬ್ಬರು ಅದನ್ನು ಪ್ರಶ್ನಿಸಿ 1969ರಲ್ಲಿ ಗೆದ್ದರು. ನಮ್ಮ ಕೂಡುಕುಟುಂಬದ ಅರ್ಧ ಜನ ಅವರ ಸ್ಥಿತಿಯಲ್ಲೇ ಇದ್ದಾರೆ, ನೋಡಿ. ಮರುವರ್ಷ ಫೀನಿಕ್ಸ್ ನಗರದ ಪ್ರಕರಣದಲ್ಲಿ, ಬಾಂಡಿನ ಮತದಾನವನ್ನು ಆಸ್ತಿ ತೆರಿಗೆ ಕಟ್ಟುವವರಿಗೆ ಸೀಮಿತಗೊಳಿಸುವುದು ಸಲ್ಲದು ಎಂದು ಕೋರ್ಟು ಹೇಳಿತು. ತೆರಿಗೆಯ ಒಂದು ಭಾಗ ಬಾಡಿಗೆಯ ಮೂಲಕ ಬಾಡಿಗೆದಾರರಿಗೆ ದಾಟುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಆದರೆ 1973ರಲ್ಲಿ ಅದೇ ಕೋರ್ಟು ಕ್ಯಾಲಿಫೋರ್ನಿಯಾದ ಒಂದು ನೀರು ಸಂಗ್ರಹಣಾ ಜಿಲ್ಲೆಯಲ್ಲಿ ಜಮೀನುದಾರರಿಗೆ ಮಾತ್ರ ಓಟು ಇರುವುದನ್ನು ಒಪ್ಪಿತು. ಆ ಸಂಸ್ಥೆ ಮಾಡುತ್ತಿದ್ದದ್ದು ಹೊಲಗಳಿಗೆ ನೀರು ಕೊಡುವ ಕೆಲಸ, ಖರ್ಚು ಬೀಳುತ್ತಿದ್ದದ್ದು ಜಮೀನಿನ ಮೇಲೆ.

ಈ ಕೊನೆಯ ತೀರ್ಪಿನ ತರ್ಕ ನನಗೆ ಹಿಡಿಸುತ್ತದೆ. ನಮ್ಮ ಸಹಕಾರ ಬ್ಯಾಂಕಿನಲ್ಲಿ ಷೇರುದಾರರಿಗೆ ಮಾತ್ರ ಓಟು, ಅದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಆ ಬ್ಯಾಂಕಿಗೆ ಹೊರಗಿನವರ ಬೀದಿಯ ಮೇಲೆ ಅಧಿಕಾರವಿಲ್ಲ. ಪಾಲಿಕೆಗೆ ಇದೆ. ಯಾವ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬಿಡಬೇಕು, ಯಾವ ರಸ್ತೆಯ ಕಸ ಎತ್ತಬೇಕು, ಡೆಂಗಿ ಬಂದಾಗ ಎಲ್ಲಿ ಹೊಗೆ ಹಾಕಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಸೊಳ್ಳೆ ಖಾತೆ ನೋಡಿ ಕಚ್ಚುವುದಿಲ್ಲ.

ವಲಯದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಆಜಾದ್ ನಗರದ ಕಡೆಯ ಮಂಡಕ್ಕಿ ಭಟ್ಟಿಗಳನ್ನು ನೀವು ನೋಡಿರುತ್ತೀರಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸಿ, ಜರಡಿ ಹಿಡಿದು, ಚೀಲಕ್ಕೆ ತುಂಬುವ ಜನ ಬೆಳಗಿನಿಂದ ಬೆಂಕಿಯ ಮುಂದೆ ಇರುತ್ತಾರೆ. ಹೊಗೆ ಹಿಂದಿನ ಸಾಲಿನ ಚಿಕ್ಕ ಬಾಡಿಗೆ ಮನೆಗಳಿಗೆ ನುಗ್ಗುತ್ತದೆ. ಒಣಗಲು ಹಾಕಿದ ಬಟ್ಟೆಯ ಮೇಲೆ ಕಪ್ಪು ಹುಡಿ ಕೂರುತ್ತದೆ. ಭಟ್ಟಿಗಳನ್ನು ಊರ ಹೊರಗೆ ಕಳಿಸಬೇಕೇ ಎಂಬ ಪ್ರಶ್ನೆಯನ್ನು ಭೂಮಾಲೀಕರಿಗೆ ಮಾತ್ರ ಕೇಳಿದರೆ ಉತ್ತರ ಸುಲಭ: ಭಟ್ಟಿ ಹೋದರೆ ಜಾಗದ ಬೆಲೆ ಏರುತ್ತದೆ, ಹೋಗಲಿ. ಅಲ್ಲಿ ಬಾಡಿಗೆಗಿರುವ ಹೆಂಗಸಿಗೆ ಕೇಳಿ. ಕೂಸಿನ ಕೆಮ್ಮು ಒಂದು ಕಡೆ, ಇವತ್ತಿನ ಕೂಲಿ ಒಂದು ಕಡೆ. ಭಟ್ಟಿ ಹೋದರೆ ಹೊಗೆಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ, ಬಾಡಿಗೆ ಏರಿ ಮನೆಯೂ ಹೋಗಬಹುದು. ಈ ಮೂರನ್ನೂ ತೂಗಬೇಕಾದವರು ಅವರೊಬ್ಬರೇ. ತೂಗುವವರನ್ನೇ ಹೊರಗೆ ನಿಲ್ಲಿಸಿದರೆ ತೀರ್ಮಾನ ಹೇಗೆ ಸರಿಯಾದೀತು?

ಈಗ ನಿಮ್ಮ ಸಿಟ್ಟು ನಿಜವಾಗಿ ತಿರುಗಬೇಕಾದ ಕಡೆಗೆ ಬರುತ್ತೇನೆ. ನಿಮ್ಮ ರಸ್ತೆ ವಸತಿ ವಲಯವೋ ವಾಣಿಜ್ಯ ವಲಯವೋ ಎಂಬುದನ್ನು ನಿಮ್ಮ ವಾರ್ಡಿನ ಪಾಲಿಕೆ ಸದಸ್ಯರು ತೀರ್ಮಾನಿಸುವುದಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. 12ನೇ ಅನುಸೂಚಿಯಲ್ಲಿ ಪುರಸಭೆಗಳಿಗೆ ಕೊಡಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದರು. ಮೊದಲನೆಯದು ನಗರ ಯೋಜನೆ, ಎರಡನೆಯದು ಭೂ ಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಕಾಗದದ ಮೇಲೆ ಒಂದನೇ ನಂಬರು, ನಡೆಯುವುದೇ ಬೇರೆ. ನಮ್ಮಲ್ಲಿ ಮಾಸ್ಟರ್ ಪ್ಲಾನ್, ಅಂದರೆ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ನಕ್ಷೆ, ಮಾಡುವುದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಎಲ್ಲರ ಬಾಯಲ್ಲಿ ದೂಡಾ. ಅದರ ಅಧ್ಯಕ್ಷರನ್ನು ನೇಮಿಸುವುದು ಬೆಂಗಳೂರು. ಪ್ಲಾನಿಗೆ ಅಂತಿಮ ಒಪ್ಪಿಗೆ ಕೊಡುವುದೂ ಬೆಂಗಳೂರು. ಅಂದರೆ ಬಾಡಿಗೆಯವರ ಐದು ಓಟುಗಳನ್ನು ಕಿತ್ತು ನಿಮಗೇ ಕೊಟ್ಟರೂ ನಿಮ್ಮ ರಸ್ತೆಯ ಬಣ್ಣ ನಕ್ಷೆಯಲ್ಲಿ ಬದಲಾಗುವುದಿಲ್ಲ. ಚಿತ್ರದುರ್ಗದ ಕೋಟೆಯ ಬುಡದಲ್ಲಿ ಮನೆ ಇರುವವರನ್ನು ಕೇಳಿ ನೋಡಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಕೇಂದ್ರದ ಕಾಯ್ದೆ ಹೇಳುತ್ತದೆ. ಮೇಲೊಂದು ಕೋಣೆ ಎತ್ತಬೇಕಾದರೂ ಅನುಮತಿಗೆ ಅಲೆಯಬೇಕು. ಅಲ್ಲಿ ಮಾಲೀಕರ ಓಟಿಗೂ ಬೆಲೆಯಿಲ್ಲ, ಬಾಡಿಗೆಯವರ ಓಟಿಗೂ ಇಲ್ಲ. ಕೋಟೆ ಉಳಿಯಬೇಕು, ಆ ನಿಯಮವನ್ನು ನಾನು ಒಪ್ಪುತ್ತೇನೆ. ಆದರೆ ವಲಯಗಳನ್ನು ಊರಿನ ಮತದಾರರು ನಿರ್ಧರಿಸುತ್ತಾರೆ ಎಂಬ ಭ್ರಮೆ ಬೇಡ.

ಅದರ ಮೇಲೆ, ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆ ಸಮಯಕ್ಕೆ ನಡೆಯುವುದೇ ಅಪರೂಪ. ಬೆಂಗಳೂರಿನ ಪಾಲಿಕೆಯಲ್ಲಿ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ವರ್ಷಗಳ ಕಾಲ ಆಡಳಿತಾಧಿಕಾರಿಗಳೇ ಬಜೆಟ್ ಮಂಡಿಸಿದರು. ಆ ಬಜೆಟ್ಟುಗಳಲ್ಲಿ ಮಾಲೀಕರ ಓಟು ಎಷ್ಟು, ಬಾಡಿಗೆಯವರ ಓಟು ಎಷ್ಟು? ಎರಡೂ ಸೊನ್ನೆ.

ಆದರೂ ಒಂದು ಬಾಗಿಲು ತೆರೆದಿದೆ, ಅದರೊಳಗೆ ಹೋಗುವವರು ಕಡಿಮೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನನ್ನು ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ನಡುವೆ ಯಾರಾದರೂ ಭೂ ಉಪಯೋಗ ಬದಲಾವಣೆ ಕೋರಿದರೆ 14-ಎ ಕಲಮಿನ ಅಡಿಯಲ್ಲಿ ಸ್ಥಳೀಯವಾಗಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಆಹ್ವಾನಿಸಬೇಕು. ಆಕ್ಷೇಪಣೆ ಸಲ್ಲಿಸಲು ಮಾಲೀಕರೇ ಆಗಿರಬೇಕೆಂದು ಕಾಯ್ದೆ ಹೇಳುವುದಿಲ್ಲ, ಸಾರ್ವಜನಿಕರು ಎನ್ನುತ್ತದೆ. ನಿಮ್ಮ ತಮ್ಮನೂ ಬೆಂಗಳೂರಿನಿಂದ ಬರೆಯಬಹುದು. ಓಟಿಲ್ಲದವರಿಗೂ ಇಲ್ಲಿ ದನಿ ಇದೆ. ಆ ಪ್ರಕಟಣೆ ಬರುವುದು ಒಳಪುಟದಲ್ಲಿ, ಟೆಂಡರ್ ಮತ್ತು ಹೆಸರು ಬದಲಾವಣೆಯ ಜಾಹೀರಾತುಗಳ ನಡುವೆ, ಸರ್ವೆ ನಂಬರು ಮತ್ತು ಎಕರೆ-ಗುಂಟೆಯ ಭಾಷೆಯಲ್ಲಿ. ಓದುವವರು ದಲ್ಲಾಳಿಗಳು ಮಾತ್ರ.

ನಿಮ್ಮ ರಸ್ತೆಯ ಬಗ್ಗೆ ಇನ್ನೊಂದು ಮಾತು. ಮಾಲೀಕರೆಲ್ಲ ಒಂದು ಕಡೆ, ಬಾಡಿಗೆಯವರೆಲ್ಲ ಒಂದು ಕಡೆ ಎಂದು ನೀವು ಅಂದುಕೊಂಡಿದ್ದೀರಿ. ಒಂದು ಸಂಜೆ ರಸ್ತೆಯ ಉದ್ದಕ್ಕೂ ನಡೆದು ಕೇಳಿ. ಮೂಲೆ ನಿವೇಶನದವರಿಗೆ ವಾಣಿಜ್ಯ ವಲಯ ಬಂದರೆ ಹಬ್ಬ: ಕೆಳಗೆ ಬೇಕರಿ, ಮೇಲೆ ಕೋಚಿಂಗ್ ಸೆಂಟರ್. ನಡುವಿನ ಮನೆಯವರಿಗೆ ಗೇಟಿನ ಮುಂದೆ ಅನ್ಯರ ಬೈಕು ಮತ್ತು ರಾತ್ರಿಯವರೆಗೆ ಗದ್ದಲ. ಮೇಲಿನ ಮನೆಯ ಬಾಡಿಗೆಯವರಿಗೂ ಅದೇ ಗದ್ದಲ, ಜೊತೆಗೆ ಮನೆ ಅಂಗಡಿಯಾದರೆ ಹೊರಡಬೇಕಾದ ಭಯ. ಈ ವಿಷಯದಲ್ಲಿ ನೀವು ಮತ್ತು ಅವರು ಒಂದೇ ಪಕ್ಷ. ಆಕ್ಷೇಪಣೆಗೆ ನೀವೊಬ್ಬರೇ ಸಹಿ ಹಾಕಿದರೆ ಒಂದು ಸಹಿ, ನಿಮ್ಮ ಮನೆಯವರನ್ನೂ ಅವರನ್ನೂ ಸೇರಿಸಿಕೊಂಡರೆ ಏಳು. ‘ನಮ್ಮ ವಿರೋಧವಿದೆ’ ಎಂದಷ್ಟೇ ಬರೆದರೆ ಕಡತ ಸೇರುತ್ತದೆ. ರಸ್ತೆಯ ಅಗಲ ಎಷ್ಟು ಅಡಿ, ಒಳಚರಂಡಿಯ ಕೊಳವೆ ಯಾವ ಗಾತ್ರದ್ದು, ವಾಹನ ನಿಲ್ಲಿಸಲು ಜಾಗ ಎಲ್ಲಿದೆ, ಹತ್ತಿರದ ಶಾಲೆ ಎಷ್ಟು ದೂರ, ಇವನ್ನು ಅಳತೆಯ ಸಮೇತ ಬರೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ಕೈಯಲ್ಲಿರಲಿ. ಅಳತೆ ಇರುವ ಪತ್ರಕ್ಕೆ ಅಧಿಕಾರಿಗಳು ಅಳತೆಯಲ್ಲೇ ಉತ್ತರ ಕೊಡಬೇಕಾಗುತ್ತದೆ.

ಕೊನೆಯದು ಗುರುತಿನ ಚೀಟಿಯ ಪ್ರಶ್ನೆ. ನಮ್ಮ ಊರಿನ ಬಹಳಷ್ಟು ಮಾಲೀಕರು ಇದಕ್ಕೆ ಬೆಚ್ಚುತ್ತಾರೆ. ಓಟರ್ ಕಾರ್ಡ್ ಮಾಡಿಸಿಕೊಟ್ಟರೆ ಮನೆಯೇ ಅವರದಾಗುತ್ತದೆ ಎಂದು ಯಾರು ಹಬ್ಬಿಸಿದರೋ ತಿಳಿಯದು. ಹಾಗಾಗುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಅದು ಅಲ್ಲಿ ವಾಸವಿದ್ದರು ಎನ್ನುವುದಕ್ಕೆ ದಾಖಲೆ ಅಷ್ಟೇ, ಅವರು ವಾಸವಿರುವುದು ನಿಮ್ಮ ಬಾಡಿಗೆ ಕರಾರಿನಲ್ಲೇ ಬರೆದಿದೆ. ಹನ್ನೆರಡು ವರ್ಷದ ಪ್ರತಿಕೂಲ ಸ್ವಾಧೀನದ ಮಾತನ್ನು ಕೇಳಿರಬಹುದು. ಮಾಲೀಕರ ಹಕ್ಕನ್ನೇ ಧಿಕ್ಕರಿಸಿ ಕುಳಿತವರಿಗೆ ಸಂಬಂಧಿಸಿದ ಮಾತು ಅದು. ಬಾಡಿಗೆ ಕೊಡುತ್ತಿರುವವರು ನಿಮ್ಮ ಅನುಮತಿಯಿಂದ ಇರುವವರು. ಬಾಡಿಗೆದಾರರಾಗಿ ಒಳಬಂದವರು ಆ ಬಾಡಿಗೆ ನಡೆಯುತ್ತಿರುವಾಗ ಮಾಲೀಕರ ಹಕ್ಕನ್ನು ಅಲ್ಲಗಳೆಯುವಂತಿಲ್ಲ ಎಂದು ಸಾಕ್ಷ್ಯ ಕಾನೂನೂ ಹೇಳುತ್ತದೆ. ಕರಾರನ್ನು ಕಾಲಕಾಲಕ್ಕೆ ಹೊಸದು ಮಾಡಿಸಿ, ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ನಿಮ್ಮ ರಕ್ಷಣೆ ಇರುವುದು ಅಲ್ಲಿ, ಅವರ ಓಟನ್ನು ತಡೆಯುವುದರಲ್ಲಿ ಅಲ್ಲ.

ಅವರಿಗಿರುವ ತೊಡಕು ಬೇರೆ. ವಿಳಾಸಕ್ಕೆ ಪುರಾವೆಯಾಗಿ ಬಾಡಿಗೆದಾರರು ಕೊಡಬಹುದಾದದ್ದು ನೋಂದಾಯಿತ ಬಾಡಿಗೆ ಕರಾರು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ನಾವೆಲ್ಲ ಜಾಣತನ ಮಾಡಿ 11 ತಿಂಗಳಿಗೆ ಬರೆಸುತ್ತೇವೆ, ಅದು ನೋಂದಣಿಯಾಗುವುದಿಲ್ಲ. ಹಾಗಾದಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆ ವಿಳಾಸದ ಗ್ಯಾಸ್ ಬಿಲ್ಲು ನಡೆಯುತ್ತವೆ. ಯಾವುದೂ ಇಲ್ಲದಿದ್ದರೆ ಮತಗಟ್ಟೆ ಅಧಿಕಾರಿ ಮನೆಗೆ ಬಂದು ಪರಿಶೀಲಿಸುತ್ತಾರೆ. ಆಗ ಅವರು ಬಾಗಿಲು ತಟ್ಟುವುದು ಕೆಳಗಿನ ಮನೆಯದನ್ನು, ಅಂದರೆ ನಿಮ್ಮದನ್ನು. ‘ಹೌದು, ಮೇಲಿನ ಮನೆಯಲ್ಲಿದ್ದಾರೆ’ ಎಂದು ಹೇಳಿದರೆ ನಿಮ್ಮ ಕೆಲಸ ಮುಗಿಯಿತು. ಹೊಸದಾಗಿ ಸೇರುವವರಿಗೆ ನಮೂನೆ 6, ಬೇರೆ ವಿಳಾಸದಿಂದ ಬದಲಿಸಿಕೊಳ್ಳುವವರಿಗೆ ನಮೂನೆ 8. ಹದಿನೆಂಟು ತುಂಬಿದೆಯೇ ಎಂದು ನೋಡುವ ಅರ್ಹತೆಯ ದಿನಾಂಕ ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1. ಹಳೆಯ ಬಾಡಿಗೆಯವರು ಯಾರಾದರೂ ಮನೆ ಬಿಟ್ಟು ಹೋಗಿಯೂ ಪಟ್ಟಿಯಲ್ಲಿ ನಿಮ್ಮ ಮನೆ ನಂಬರಿನಲ್ಲೇ ಉಳಿದಿದ್ದರೆ, ಅವರ ಹೆಸರು ತೆಗೆಸಲು ನಮೂನೆ 7 ಇದೆ. ಅದನ್ನು ನೀವೇ ಕೊಡಬಹುದು.